ಎಡಕ್ಕೆ ಸುತ್ತಿದ ತಂತಿ

ಎಂಟನೆಯ ಸ್ಕ್ರೂ ಏನು ಮಾಡಿದರೂ ತಿರುಗಲಿಲ್ಲ. ಉಳಿದ ಏಳು ಆಗಲೇ ಸ್ಟೀಲಿನ ತಟ್ಟೆಯಲ್ಲಿ ಬಿದ್ದಿದ್ದವು. ಅವಳು ನನ್ನನ್ನು ಮಂಡಿಗಳ ನಡುವೆ ಒತ್ತಿ ಹಿಡಿದಳು. ತುಕ್ಕಿನ ಮೇಲೆ ಎರಡು ಹನಿ ಸೀಮೆಎಣ್ಣೆ ಬಿಟ್ಟಳು. ಸ್ಕ್ರೂಡ್ರೈವರಿನ ಹಿಂಬದಿಗೆ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿದಳು.

“ಬಿಡವಾ, ಅದು ಬರಂಗಿಲ್ಲ. ಅಲ್ಲೇ ಹುಟ್ಟೇತಿ, ಅಲ್ಲೇ ಸಾಯ್ತೈತಿ,” ಎಂದಿತು ಬೆನ್ನ ಹಿಂದಿನಿಂದ ಅವಳ ಅಪ್ಪನ ದನಿ.

“ನೀ ಸುಮ್ನಿರಪಾ. ಬರ್ತೈತಿ.”

“ಗಿಟಾರ್ ಮುರದ್ರ?”

“ಮುರದ್ರ ಕೂಡಸ್ತೀನಿ.”

ಕಿರ್ರ್! ಸ್ಕ್ರೂ ಒಂದು ಸುತ್ತು ತಿರುಗಿತು. ಮತ್ತೊಂದು. ಎದೆಯ ಮೇಲಿನ ಮುಚ್ಚಳ ಎದ್ದಿತು. ಹತ್ತೊಂಬತ್ತು ವರ್ಷಗಳ ಮೇಲೆ ನನ್ನ ಹೊಟ್ಟೆಯೊಳಗೆ ಗಾಳಿ ಆಡಿತು, ಬೆಳಕು ಬಿತ್ತು. ಕೂಗಬೇಕೆನಿಸಿತು. ಆದರೆ ನನ್ನ ಮೈಮೇಲೆ ಒಂದು ತಂತಿಯೂ ಇರಲಿಲ್ಲ. ತಂತಿಯಿಲ್ಲದ ಗಿಟಾರಿಗೆ ಎಲ್ಲಿಯ ಕೂಗು?

ಹೌದು, ನಾನು ಒಂದು ಎಲೆಕ್ಟ್ರಿಕ್ ಗಿಟಾರ್. ಗದಗ-ಬೆಟಗೇರಿಯ ಜನ ನನ್ನನ್ನು ಕರೆಂಟ್ ಗಿಟಾರ್ ಎನ್ನುತ್ತಾರೆ. ಹುಟ್ಟಿದ್ದು ಮಾತ್ರ ದೂರದ ಕೋಲ್ಕತ್ತಾದ ಒಂದು ಗಲ್ಲಿಯಲ್ಲಿ, ಇಬ್ಬರು ಬಡಗಿಗಳ ಕೈಯಲ್ಲಿ. ಯಾವ ಮರದಿಂದ ಮಾಡಿದರೆಂದು ನನಗೇ ಗೊತ್ತಿಲ್ಲ. ಚಹಾದ ಪೆಟ್ಟಿಗೆಗಳಿಂದ ಎಂದು ಅಲ್ಲಿನ ಹುಡುಗರು ನಗುತ್ತಿದ್ದರು. ಒಂದೇ ದಿನ ಹನ್ನೊಂದು ಜನ ಹುಟ್ಟಿದೆವು. ಎಲ್ಲರಿಗೂ ಒಂದೇ ಕೆಂಪು ಬಣ್ಣ, ಒಂದೇ ಮುಖ.

ನನ್ನ ಎದೆಯ ಮೇಲೆ ಎರಡು ಪಿಕಪ್ ಕೂಡಿಸಿದರು. ಅವು ನನ್ನ ಕಿವಿಗಳು ಎಂದುಕೊಳ್ಳಿ. ಪ್ರತಿ ಕಿವಿಯೊಳಗೂ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಸಾವಿರಾರು ಸುತ್ತು. ಮೇಲಿನ ಆರು ತಂತಿಗಳು ನಡುಗಿದರೆ ಕಿವಿಗಳು ಕೇಳಿಸಿಕೊಂಡು ಆಂಪ್ಲಿಫೈಯರಿಗೆ ಹೇಳುತ್ತವೆ. ಕುತ್ತಿಗೆಯ ಹತ್ತಿರದ್ದು ದಪ್ಪ ದನಿ ಕೇಳುತ್ತದೆ, ಕೆಳಗಿನದು ಚೂಪು ದನಿ. ಯಾವ ಕಿವಿ ಎಚ್ಚರವಿರಬೇಕು ಎಂದು ಹೇಳಲು ಒಂದು ಸ್ವಿಚ್ಚು. ಮೇಲೆ ತಳ್ಳಿದರೆ ಮೇಲಿನದು, ಕೆಳಗೆ ತಳ್ಳಿದರೆ ಕೆಳಗಿನದು, ನಡುವೆ ನಿಲ್ಲಿಸಿದರೆ ಎರಡೂ.

ನನ್ನನ್ನು ಮೊದಲು ಕೊಂಡವರು ಬೆಟಗೇರಿಯ ಸಾಲೊಮನ್ ಮಾಸ್ತರರು. ಬಿಳಿ ಬೂಟು, ಬಿಳಿ ಪ್ಯಾಂಟು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಮದುವೆ, ಗಣಪತಿ, ಕಾಲೇಜಿನ ಗ್ಯಾದರಿಂಗು, ಎಲ್ಲ ಕಡೆಗೂ ಅವರ ಆರ್ಕೆಸ್ಟ್ರಾ. ಸ್ಟೇಜು ಹತ್ತುವ ಮೊದಲು ಮಾಸ್ತರರು ಮಿರ್ಚಿ ಭಜಿ ತಿನ್ನಲೇಬೇಕು. ಹೀಗಾಗಿ ನನ್ನ ಕುತ್ತಿಗೆಗೆ ವರ್ಷವಿಡೀ ಭಜಿಯ ವಾಸನೆ.

ಅವರ ಕೆಲಸ ನಕಲು. ಸಿನಿಮಾ ಹಾಡಿನ ರೆಕಾರ್ಡು ಹಾಕುವರು, ಒಂದೇ ಸಾಲನ್ನು ನಲವತ್ತು ಸಲ ಕೇಳುವರು, ನನ್ನಿಂದ ಅದನ್ನೇ ಹೇಳಿಸುವರು. ಮುಂಬಯಿಯ ಯಾವ ಯಾವ ಗಿಟಾರುಗಳ ದನಿಯನ್ನೋ ನಾನು ತೆಗೆದಿದ್ದೇನೆ. ಜನ ಶಿಳ್ಳೆ ಹೊಡೆದಾಗ, ಆ ಶಿಳ್ಳೆ ಆ ಗಿಟಾರುಗಳಿಗೆ ಎಂದು ಗೊತ್ತಿದ್ದೂ ಖುಷಿಪಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಬಹಳ ಖುಷಿಪಡುತ್ತಿದ್ದೆ.

ಆಮೇಲೆ ಕೀಬೋರ್ಡು ಬಂತು. ಒಂದೇ ಪೆಟ್ಟಿಗೆಯಲ್ಲಿ ಕೊಳಲು, ಪಿಟೀಲು, ಶಹನಾಯಿ, ಕೊನೆಗೆ ಗಿಟಾರು ಕೂಡ. ಸಾಲೊಮನ್ ಮಾಸ್ತರರು ಚರ್ಚಿನ ಹಾರ್ಮೋನಿಯಮ್ಮಿನ ಮುಂದೆ ಕೂತರು. ಆಂಪ್ಲಿಫೈಯರು, ಮೈಕು, ನಾನು, ಎಲ್ಲ ಒಟ್ಟಿಗೆ ಮೋದಿನ್‌ಸಾಬರ ಗೋದಾಮಿಗೆ ಹೋದೆವು. ಮೋದಿನ್‌ಸಾಬರದು ಶಾಮಿಯಾನ ಮತ್ತು ಸೌಂಡ್ ಸರ್ವಿಸ್.

ಮೈಕುಗಳಿಗೆ ಕೆಲಸ ಸಿಕ್ಕಿತು. ನನಗೂ ಸಿಕ್ಕಿತು. ಶಾಮಿಯಾನದ ಕಂಬ ನೆಡುವ ಗುಂಡಿಯ ಆಳ ಅಳೆಯಲು ನನ್ನ ಕುತ್ತಿಗೆ ಸರಿಯಾಗಿತ್ತು! “ಗಿಟಾರ್ ಇಳಸ್ರಿ, ಎದಿ ಮಟ್ಟ ಬಂತೇನು?” ಎಂದು ಕೇಳುತ್ತಿದ್ದರು. ಎದೆಯ ಮಟ್ಟ ಬಂದರೆ ಗುಂಡಿ ಸಾಕು. ಒಂದು ವರ್ಷ ಕಂಬಗಳಿಗೆ ಹಸಿರು-ಬಿಳಿ ಪಟ್ಟೆ ಬಳಿಯುವಾಗ ನನಗೂ ಬಳಿದರು. ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಸೀರಿಯಲ್ ಲೈಟು ಕಟ್ಟಲು ಒಯ್ದರು. ತೇವಕ್ಕೆ ನನ್ನ ಎರಡೂ ಕಿವಿಗಳ ಒಳಗಿನ ತಾಮ್ರ ಹಸಿರುಗಟ್ಟಿ, ಕಡಿದು, ತಂತಿಗಳ ಪಾಲಿಗೆ ನಾನು ಕಿವುಡಾದೆ. ಹತ್ತೊಂಬತ್ತು ವರ್ಷ ಹೀಗೇ ಹೋದವು.

ಕಸ್ತೂರಿ ಬಂದದ್ದು ಒಂದು ಬುಧವಾರ. ಬೆಟಗೇರಿ ಬಸ್ ಸ್ಟ್ಯಾಂಡಿನ ಹಿಂದೆ ಅವಳ ಅಪ್ಪ ಫಕ್ಕೀರಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ನೇಕಾರರ ಮಗ್ಗದ ಮೋಟಾರು, ಮನೆಗಳ ಸೀಲಿಂಗ್ ಫ್ಯಾನು, ಸುಟ್ಟುಹೋದ ಯಾವುದಕ್ಕೂ ಅವರು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಾರೆ. ಮೋದಿನ್‌ಸಾಬರ ನಾಲ್ಕು ಫ್ಯಾನು ರಿಪೇರಿ ಮಾಡಿ ತಂದಿದ್ದಳು. ಇಪ್ಪತ್ತಾರರ ಹುಡುಗಿ, ಬೆರಳ ತುದಿಗಳಲ್ಲಿ ವಾರ್ನಿಶಿನ ಕಲೆ. ಫ್ಯಾನು ಇಳಿಸಿ ಹೊರಟವಳು ಬಾಗಿಲ ಬಳಿ ನಿಂತುಬಿಟ್ಟಳು. ನಾನು ಆಗ ಬಾಗಿಲು ಮುಚ್ಚದಂತೆ ಆನಿಸಿಟ್ಟ ಮರದ ತುಂಡು.

“ಕಾಕಾ, ಇದು ಕರೆಂಟ್ ಗಿಟಾರಲ್ರಿ?”

“ಇತ್ತು. ಈಗ ಕಟಗಿ.”

“ಎಷ್ಟಕ್ಕ ಕೊಡ್ತೀರಿ?”

ಮೋದಿನ್‌ಸಾಬರು ನನ್ನನ್ನು ಎತ್ತಿ, ಅಂಗಿಯ ತೋಳಿನಿಂದ ಒರೆಸಿದರು. ಅವರು ನನ್ನನ್ನು ಒರೆಸಿದ್ದು ಅದೇ ಮೊದಲು. “ಒಂದೂವರಿ ಸಾವಿರ.”

“ಹೋದ ಸಲ ಬಂದಾಗ ಇದನ್ನ ಒಲಿಗೆ ಹಾಕ್ತೀನಿ ಅಂತಿದ್ರಿ!”

“ಹೋದ ಸಲ ಗಿರಾಕಿ ಇರಲಿಲ್ಲ ತಂಗಿ.”

ಇಬ್ಬರೂ ನಕ್ಕರು. ಒಂಬೈನೂರಕ್ಕೆ ಮುಗಿಯಿತು. ಸ್ಕೂಟಿಯಲ್ಲಿ ಅವಳ ಕಾಲ ಬಳಿ ನಿಂತು, ಅವಳ ಮಂಡಿಗಳ ಆಸರೆಯಲ್ಲಿ ನಾನು ಗೋದಾಮಿನಿಂದ ಹೊರಗೆ ಬಂದೆ. ಸಿಗ್ನಲ್ಲಿನಲ್ಲಿ ಒಬ್ಬ ಮುದುಕಿ ನನ್ನ ಪಟ್ಟೆಗಳನ್ನು ನೋಡಿ, “ಯಾರ ಮದವಿ ಕಂಬ ಯವ್ವಾ?” ಎಂದು ಕೇಳಿದಳು. “ನಂದs ಅಜ್ಜಿ!” ಎಂದು ಕಸ್ತೂರಿ ಗಾಡಿ ಹಾರಿಸಿದಳು.

ಅವಳ ಅವಸರ ಏನೆಂದು ನನಗೆ ತಿಳಿದದ್ದು ಅಂಗಡಿಯಲ್ಲಿ. ನಾಲ್ಕು ವರ್ಷದಿಂದ ಅವಳು ಮಿಶನ್ ಶಾಲೆಯ ಒಂದು ಮರದ ಡಬ್ಬಾ ಗಿಟಾರಿನ ಮೇಲೆ ಕಲಿಯುತ್ತಿದ್ದಳು. ಊರಿನ ದೊಡ್ಡ ಆರ್ಕೆಸ್ಟ್ರಾ ‘ಸಪ್ತತಾರಾ’. ಅದರ ಸ್ಟೇಜಿನ ಮೇಲೆ ಅವಳು ಎಷ್ಟೋ ಸಲ ಹತ್ತಿದ್ದಾಳೆ, ಫ್ಯಾನು ನಿಂತಾಗ, ಜನರೇಟರು ಕೆಟ್ಟಾಗ. ಒಮ್ಮೆ ಧೈರ್ಯ ಮಾಡಿ ಯಜಮಾನ ವಾದಿರಾಜ ಮಾಸ್ತರರನ್ನು ನುಡಿಸಲು ಅವಕಾಶ ಕೇಳಿದಳು. ಅವರು ನಗಲಿಲ್ಲ, ಬೈಯಲಿಲ್ಲ. “ನಿನ್ನ ಕಡೆ ಕರೆಂಟ್ ಗಿಟಾರ್ ಎಲ್ಲ್ಯದ?” ಎಂದರು, ಅಷ್ಟೆ. ಈಗ ಅವರ ಗಿಟಾರಿನವನು ಪುಣೆಗೆ ಹೋಗಿದ್ದ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಪರೀಕ್ಷೆ. ಒಪ್ಪಿಗೆಯಾದವರಿಗೆ ಗಣಪತಿಯಿಂದ ದೀಪಾವಳಿಯವರೆಗೆ ಮೂವತ್ತೆರಡು ಕಾರ್ಯಕ್ರಮ.

“ಹನ್ನೊಂದು ದಿನ ಅದಾವ ಅಪ್ಪಾ,” ಎಂದಳು ಕಸ್ತೂರಿ.

ಫಕ್ಕೀರಪ್ಪ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದಕ್ಕ ಜೀವಾ ಬರಾಕ ಹನ್ನೊಂದು ದಿನ ಸಾಲಂಗಿಲ್ಲ. ಹನ್ನೊಂದನೇ ದಿನ ಏನ್ ಮಾಡ್ತಾರ ಗೊತ್ತೈತಲ್ಲ?”

“ಥೂ! ಬಾಯಿ ನೋಡು ನಿಂದು!”

ಆ ಹನ್ನೊಂದು ದಿನಗಳಷ್ಟು ನಾನು ಎಂದೂ ಬದುಕಿರಲಿಲ್ಲ. ಮೊದಲು ಶಾಮಿಯಾನದ ಬಣ್ಣ ಹೋಯಿತು. ಹಸಿರು, ಬಿಳಿ, ಅದರ ಕೆಳಗೆ ಮತ್ತೆ ಹಸಿರು, ಅದರ ಕೆಳಗೆ ನನ್ನ ಕೆಂಪು. ಅವಳು ಅಲ್ಲಿಗೂ ನಿಲ್ಲಲಿಲ್ಲ. ಕೆಂಪನ್ನೂ ಕೆರೆದಳು. ಒಳಗಿನಿಂದ ಬೆಲ್ಲದ ಬಣ್ಣದ ಮರ ಹೊರಗೆ ಬಂತು. ಸುರುಳಿ ಸುರುಳಿ ಗೆರೆಗಳು! ಇಷ್ಟು ವರ್ಷ ನನ್ನ ಮೈಯೊಳಗೆ ಇವು ಇದ್ದವೆಂದು ನನಗೇ ಗೊತ್ತಿರಲಿಲ್ಲ. ಕುತ್ತಿಗೆಯ ಪಟ್ಟಿಗಳಿಗೆ ಹುಣಸೆಹಣ್ಣು ಹಚ್ಚಿ ಕಿಲುಬು ತಿಕ್ಕಿದಳು. ತಂತಿಗಳು ಕೂರುವ ಪಟ್ಟಿ ಮುರಿದಿತ್ತು. ನೇಕಾರನೊಬ್ಬ ಬಿಸಾಡಿದ ಲಾಳಿಯ ಗಟ್ಟಿ ಮರವನ್ನು ಕತ್ತರಿಸಿ, ಉಜ್ಜಿ, ಆರು ಕಚ್ಚು ಕೊರೆದು ಅಲ್ಲಿ ಅಂಟಿಸಿದಳು. ದನಿ ಏರಿಸುವ ಗುಂಡಿ ಕಳೆದುಹೋಗಿತ್ತು. ಅಂಗಡಿಯಲ್ಲಿ ಅದಕ್ಕೇನು ಬರವೇ? ಫ್ಯಾನಿನ ರೆಗ್ಯುಲೇಟರಿನ ಗುಂಡಿ ತಂದು ಒತ್ತಿದಳು. ಒಂದರಿಂದ ಐದರವರೆಗೆ ಅಂಕಿ.

“ಐದಕ್ಕ ಇಡಬ್ಯಾಡ, ಹಾರಿ ಹೋದೀತು,” ಎಂದ ಫಕ್ಕೀರಪ್ಪ.

ಇನ್ನು ಉಳಿದದ್ದು ಕಿವಿ. ಇಲ್ಲಿ ಅಪ್ಪ-ಮಗಳ ನಗು ನಿಂತಿತು. ಫ್ಯಾನಿನ ತಂತಿ ನನಗೆ ದಪ್ಪವಾಯಿತು. ಹುಬ್ಬಳ್ಳಿಗೆ ಹೋಗಿ ಅತಿ ತೆಳುವಾದ ತಂತಿಯ ಒಂದು ಉಂಡೆ ತಂದಳು. ಕಣ್ಣಿಗೆ ಕಾಣುವುದಕ್ಕಿಂತ ಬೆರಳಿಗೆ ಹೆಚ್ಚು ತಿಳಿಯುವ ತಂತಿ. ಪ್ರತಿ ಕಿವಿಗೂ ಎಂಟು ಸಾವಿರ ಸುತ್ತು ಬೇಕು. ಕೈಯಿಂದ ತಿರುಗಿಸುವ ವೈಂಡಿಂಗ್ ಯಂತ್ರಕ್ಕೆ ಮೇಲಿನ ಕಿವಿಯನ್ನು ಸಿಕ್ಕಿಸಿ ತಿರುಗಿಸತೊಡಗಿದಳು. ಯಂತ್ರದ ಪಕ್ಕದ ಅಂಕಿಗಳು ಓಡಿದವು. ಸಾವಿರ, ಎರಡು ಸಾವಿರ, ಮೂರು ಸಾವಿರದ ನೂರು.

ಫಟ್. ತಂತಿ ಕಡಿಯಿತು.

ಮತ್ತೆ ಮೊದಲಿನಿಂದ. ಆರು ಸಾವಿರದಲ್ಲಿ ಕಡಿಯಿತು. ಕಸ್ತೂರಿ ಯಂತ್ರಕ್ಕೆ ಹಣೆ ಆನಿಸಿ ಕೂತಳು. ಫಕ್ಕೀರಪ್ಪ ಎದ್ದು ಎಲ್ಲಿಂದಲೋ ಒಂದು ಚೂರು ಮಖಮಲ್ ಬಟ್ಟೆ ತಂದು ಅವಳ ಬೆರಳುಗಳ ನಡುವೆ ಇಟ್ಟ.

“ನೀ ಅದನ್ನ ಹಿಡಿಯಾಕ ಹೊಂಟಿ. ಹಿಡೀಬ್ಯಾಡ. ಹಾದು ಹೋಗಾಕ ಬಿಡು.”

ಈ ಸಲ ತಂತಿ ಮಖಮಲ್ಲಿನ ಮೇಲೆ ಹಾದು ಹೋಯಿತು. ಎಂಟು ಸಾವಿರ! ಕೂಡಲೇ ಎರಡನೆಯದನ್ನು ಸಿಕ್ಕಿಸಿದಳು. ಹನ್ನೆರಡು ವರ್ಷದವಳಿದ್ದಾಗಿನಿಂದ ಅವಳ ಕೈಗೆ ಒಂದು ರೂಢಿ. ಸೀಲಿಂಗ್ ಫ್ಯಾನಿನಲ್ಲಿ ಒಂದು ಸುರುಳಿಯನ್ನು ಬಲಕ್ಕೆ ಸುತ್ತಿದರೆ ಅದರ ಪಕ್ಕದ್ದನ್ನು ಎಡಕ್ಕೆ ಸುತ್ತಬೇಕು. ಎಲ್ಲ ಒಂದೇ ಕಡೆ ಸುತ್ತಿದರೆ ಫ್ಯಾನು ತಿರುಗುವುದಿಲ್ಲ. ಬಲಕ್ಕೊಂದು, ಎಡಕ್ಕೊಂದು. ಮನಸ್ಸು ಭಾನುವಾರದ ಮೇಲಿತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಎರಡನೆಯ ಕಿವಿಯನ್ನು ಎಡಕ್ಕೆ ಸುತ್ತಿದಳು. ಅವಳೂ ಗಮನಿಸಲಿಲ್ಲ, ಪಕ್ಕದಲ್ಲಿ ಕೂತ ಅಪ್ಪನೂ ಗಮನಿಸಲಿಲ್ಲ. ಫ್ಯಾನಿನವರ ಕಣ್ಣಿಗೆ ಅದರಲ್ಲಿ ಏನೂ ತಪ್ಪು ಕಾಣಲಾರದು.

ಎರಡೂ ಕಿವಿಗಳನ್ನು ಕರಗಿದ ಮೇಣದಲ್ಲಿ ಅದ್ದಿ, ಆರಿಸಿ, ಎದೆಯಲ್ಲಿ ಕೂಡಿಸಿದಳು. ಹೊಸ ಆರು ತಂತಿ ಬಿಗಿದಳು. ಶುಕ್ರವಾರ ಮಧ್ಯಾಹ್ನ ರಿಪೇರಿಗೆ ಬಂದಿದ್ದ ಒಂದು ಆಂಪ್ಲಿಫೈಯರಿಗೆ ನನ್ನನ್ನು ಜೋಡಿಸಿದಳು. ಸ್ವಿಚ್ಚು ಒತ್ತಿದಳು.

ಕರೆಂಟ್ ಹೋಗಿತ್ತು.

ಅಯ್ಯೋ, ಆ ಮುಕ್ಕಾಲು ಗಂಟೆ! ಪಕ್ಕದ ಝೆರಾಕ್ಸ್ ಅಂಗಡಿಯವನು ಬಂದ. ಮಗ್ಗದ ಮೋಟಾರು ಒಯ್ಯಲು ಬಂದ ಇಬ್ಬರು ನೇಕಾರರು ಹೋಗದೆ ಅಲ್ಲೇ ಕೂತರು. ಎಲ್ಲರೂ ಬೆವರು ಒರೆಸಿಕೊಳ್ಳುತ್ತ ನನ್ನನ್ನು ನೋಡುತ್ತಿದ್ದರು. ಕಸ್ತೂರಿಯ ಬೆರಳು ತಂತಿಗಳ ಮೇಲೆ ಸಿದ್ಧವಾಗಿತ್ತು. ತಟ್ಟನೆ ಪೈಪಿಗೆ ನೇತುಹಾಕಿದ್ದ ಐದು ಫ್ಯಾನುಗಳು ಒಟ್ಟಿಗೆ ಗರ್ ಎಂದು ತಿರುಗಿದವು. ಅದೇ ಕ್ಷಣ ನಾನು ಕೂಗಿದೆ. ಎಂಥ ಕೂಗು! ದಪ್ಪ, ದುಂಡು, ತುಂಬಿದ ದನಿ. ಶೆಲ್ಫಿನ ಮೇಲಿನ ನಟ್ಟು ಬೋಲ್ಟುಗಳು ಡಬ್ಬಿಗಳಲ್ಲಿ ಗಲಗಲ ಎಂದವು. ಸ್ವಿಚ್ಚನ್ನು ಕೆಳಗಿನ ಕಿವಿಗೆ ತಳ್ಳಿದಳು. ಚೂಪಾದ, ಹೊಳೆಯುವ ದನಿ. “ಬಂತಲೇ ಬಂತು!” ಎಂದು ನೇಕಾರನೊಬ್ಬ ತೊಡೆ ತಟ್ಟಿದ.

ಆಮೇಲೆ ಅವಳು ಸ್ವಿಚ್ಚನ್ನು ನಡುವೆ ನಿಲ್ಲಿಸಿದಳು. ಎರಡೂ ಕಿವಿ ಒಟ್ಟಿಗೆ.

ದನಿ ಅರ್ಧಕ್ಕೆ ಅರ್ಧ ಕುಸಿಯಿತು. ಉಳಿದದ್ದು ತೆಳ್ಳಗೆ, ಟೊಳ್ಳಾಗಿ, ಮೂಗಿನಿಂದ ಬಂದಂತೆ ಇತ್ತು. ಒಂದು ಕಿವಿ ಹೌದು ಎಂದದ್ದನ್ನು ಇನ್ನೊಂದು ಅಲ್ಲ ಎನ್ನುತ್ತಿತ್ತು. ಎರಡರ ಜಗಳದಲ್ಲಿ ದಪ್ಪವೆಲ್ಲ ಕಳೆದು, ನಡುವಿನ ಒಂದು ಎಳೆ ಮಾತ್ರ ಉಳಿದಿತ್ತು.

“ಶಹನಾಯಿಗೆ ನೆಗಡಿ ಬಂದಂಗ ಐತಲ್ಲ!” ಎಂದ ಫಕ್ಕೀರಪ್ಪ. ಮುಚ್ಚಳ ಎತ್ತಿಸಿ ನೋಡಿದ. ತಂತಿಯ ತುದಿಗಳನ್ನು ಬೆರಳಿನಿಂದ ಹಿಂಬಾಲಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ನೀ ಗಿಟಾರ್ ಸುತ್ತಿಲ್ಲ ಬೇ, ಫ್ಯಾನ್ ಸುತ್ತಿ! ಒಂದು ಬಲಕ್ಕ, ಒಂದು ಎಡಕ್ಕ!”

ಕಸ್ತೂರಿ ವೈಂಡಿಂಗ್ ಯಂತ್ರದ ಕಡೆ ನೋಡಿದಳು. “ಮತ್ತ ಎಂಟು ಸಾವಿರ ಸುತ್ತಬೇಕೇನು?”

“ಯಾಕ? ಒಂದರ ಎರಡು ತುದಿ ಅದಲು ಬದಲು ಮಾಡಿ ಬೆಸಿ. ಎರಡು ನಿಮಿಷದ ಕೆಲಸ.”

ಅವಳು ನಿಟ್ಟುಸಿರು ಬಿಟ್ಟಳು. ಬೆಸೆಯುವ ಮೊದಲು ಇನ್ನೊಮ್ಮೆ ಕೇಳೋಣವೆಂದು ಆ ನಡುವಿನ ದನಿಯಲ್ಲೇ ನಾಲ್ಕು ಸ್ವರ ಎಳೆದಳು. ಮತ್ತೆ ನಾಲ್ಕು. ಸ್ವರಗಳನ್ನು ತುಸು ಬಾಗಿಸಿದಳು. ಮಗ್ಗದ ಮೋಟಾರು ಹೊತ್ತು ಹೊರಟಿದ್ದ ನೇಕಾರ ಅದನ್ನು ಮತ್ತೆ ಕೆಳಗಿಟ್ಟ. ಆ ದನಿ ನನಗೂ ಹೊಸದು. ಅದು ಮುಂಬಯಿಯ ಯಾವ ಗಿಟಾರಿನದೂ ಅಲ್ಲ. ನನ್ನ ಜೊತೆ ಹುಟ್ಟಿದ ಹತ್ತು ಮಂದಿಯಲ್ಲಿ ಯಾರದೂ ಅಲ್ಲ. ನಲವತ್ತು ದಾಟಿದ ಮೇಲೆ ನನಗೆ ದನಿ ಒಡೆದಿತ್ತು.

“ಬೆಸಿಲ್ಲೇನು?” ಎಂದ ಅಪ್ಪ ಸಂಜೆ.

“ನಾಳೆ.”

ಶನಿವಾರವೂ ಅವಳು “ನಾಳೆ” ಎಂದಳು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹತ್ತಿಕಾಳಿನ ಅಂಗಡಿಯ ಮಹಡಿ ಹತ್ತಿದೆವು. ಸಪ್ತತಾರಾದವರು ಅಲ್ಲಿ ತಾಲೀಮು ಮಾಡುತ್ತಾರೆ. ಒಬ್ಬ ಢೋಲಕ್ಕಿನವನು, ಒಬ್ಬ ಕೀಬೋರ್ಡಿನವನು, ನಡುವೆ ಕುರ್ಚಿಯಲ್ಲಿ ವಾದಿರಾಜ ಮಾಸ್ತರರು. ಅವರ ಪರೀಕ್ಷೆಯ ರೀತಿ ಊರಿಗೆಲ್ಲ ಗೊತ್ತು. ಒಂದು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿ ಮೂಲ ಹಾಡು ಕೇಳುತ್ತಾರೆ, ಇನ್ನೊಂದು ಕಿವಿಯಿಂದ ನುಡಿಸುವವರನ್ನು ಕೇಳುತ್ತಾರೆ. ಎರಡೂ ಒಂದಾದರೆ ತಲೆಯಾಡಿಸುತ್ತಾರೆ. ಅಂದು ಆಗಲೇ ಬಂದುಹೋದ ಇಬ್ಬರಿಗೆ ಅವರ ತಲೆ ಅಲ್ಲಾಡಿರಲಿಲ್ಲ.

ಅವರು ನನ್ನ ಗುಂಡಿ ನೋಡಿದರು. “ಇದು ಗಿಟಾರೋ ಸೀಲಿಂಗ್ ಫ್ಯಾನೋ?”

“ಎರಡೂ ಅನ್ರಿ ಸರ್,” ಎಂದಳು ಕಸ್ತೂರಿ. ಢೋಲಕ್ಕಿನವನು ಕಿಸಕ್ಕೆಂದ.

ಮೊದಲ ಹಾಡು ಮೇಲಿನ ಕಿವಿಯಲ್ಲಿ. ಒಂದು ಎಳೆಯೂ ಆಚೀಚೆ ಆಗಲಿಲ್ಲ. ನಾನು ನನ್ನ ಹಳೆಯ ಕಸುಬನ್ನು ಮರೆತಿರಲಿಲ್ಲ. ಮಾಸ್ತರರ ತಲೆ ಆಡಿತು. ಎರಡನೆಯ ಹಾಡು ಕೆಳಗಿನ ಕಿವಿಯಲ್ಲಿ. ತಲೆ ಮತ್ತೆ ಆಡಿತು. ಕಸ್ತೂರಿಯ ಎದೆ ಹೊಡೆದುಕೊಳ್ಳುವುದು ನನ್ನ ಬೆನ್ನಿಗೆ ಬಡಿಯುತ್ತಿತ್ತು.

ಮೂರನೆಯ ಹಾಡಿನ ನಡುವೆ ನಾಲ್ಕು ಸಾಲು ಶಹನಾಯಿ ಬರುತ್ತದೆ. ಅದನ್ನು ಯಾವಾಗಲೂ ಕೀಬೋರ್ಡಿನವನೇ ನುಡಿಸುವುದು. ಅವನು ಕೈ ಎತ್ತಿದ. ಅಷ್ಟರಲ್ಲಿ ಕಸ್ತೂರಿಯ ಹೆಬ್ಬೆರಳು ಸ್ವಿಚ್ಚನ್ನು ನಡುವೆ ತಂದಿತ್ತು. ಯೋಚಿಸಿ ಮಾಡಿದ್ದಲ್ಲ, ನಾನು ಸಾಕ್ಷಿ. ನಾಲ್ಕು ಸಾಲೂ ನನ್ನಿಂದ ಹೊರಟವು, ತೆಳ್ಳಗೆ, ಬಾಗಿ, ಬಳುಕಿ. ಕೀಬೋರ್ಡಿನವನ ಕೈ ಗಾಳಿಯಲ್ಲೇ ನಿಂತಿತು. ಢೋಲಕ್ಕಿನವನು “ಹಾಯ್ ಹಾಯ್!” ಎಂದು ಪೆಟ್ಟು ಏರಿಸಿದ. ನಾಲ್ಕು ಮುಗಿದರೂ ಅವಳು ನಿಲ್ಲಲಿಲ್ಲ. ಐದನೆಯ ಸಾಲು ನುಡಿಸಿದಳು. ಮೂಲದಲ್ಲಿ ಇಲ್ಲದ ಸಾಲು. ಆರನೆಯದು.

ವಾದಿರಾಜ ಮಾಸ್ತರರು ಇಯರ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟರು. ಹಾಡು ನಿಂತಿತು.

“ಇದು ರೆಕಾರ್ಡ್‌ದಾಗ ಇಲ್ಲ,” ಎಂದರು.

“ಇಲ್ರಿ ಸರ್.”

“ಭಾಳ ಛಲೋ ಅದ. ಅದಕ್ಕs ನನಗ ಹೆದರಿಕಿ.” ಅವರು ನನ್ನ ಹತ್ತಿರ ಬಂದು ಬಗ್ಗಿದರು. “ಒಂದು ಕಾಯಿಲ್ ಉಲ್ಟಾ ಸುತ್ತೀಯಲ್ಲ?”

“ಹೌದ್ರಿ. ಕೈ ತಪ್ಪಿ.”

“ತಪ್ಪಾಗಿದ್ದು ಛಲೋ ಕೇಳಿಸ್ತದ, ಆದ್ರ ತಪ್ಪು ತಪ್ಪೇ. ನೋಡು ಕಸ್ತೂರಿ, ಜನಾ ನಮ್ಮ ಕಡೆ ರೆಕಾರ್ಡ್ ಕೇಳಲಿಕ್ಕೆ ಬರ್ತಾರ. ನಿನ್ನ ಕೇಳಲಿಕ್ಕಲ್ಲ, ನನ್ನ ಕೇಳಲಿಕ್ಕೂ ಅಲ್ಲ. ಈ ಸ್ವಿಚ್ಚು ಹಿಂಗೇ ಇದ್ರ, ಸ್ಟೇಜ್ ಮ್ಯಾಲೆ ನಿನ್ನ ಬೆರಳು ಸುಮ್ಮನಿರೂದಿಲ್ಲ. ನಂಗೊತ್ತದ. ನನ್ನ ಬೆರಳೂ ಒಂದು ಕಾಲಕ್ಕ ಸುಮ್ಮನಿರಲಿಲ್ಲ.”

ಅವರು ಮೂಲೆಯ ಪೆಟ್ಟಿಗೆಯಿಂದ ಸೋಲ್ಡರಿಂಗ್ ಕಡ್ಡಿ ತೆಗೆದು ತಾವೇ ಪ್ಲಗ್ಗಿಗೆ ಹಾಕಿದರು.

“ಜಾಗಾ ನಿನ್ನದೇ. ಮೂವತ್ತೆರಡೂ ಕಾರ್ಯಕ್ರಮ. ಗಣಪತಿ ಮೊದಲನೇ ದಿವಸ ನೀ ಮುಂದಿನ ಸಾಲಿನ್ಯಾಗ. ಎರಡು ತುದಿ ಅದಲು ಬದಲು ಮಾಡು, ಇಲ್ಲೇ, ನನ್ನ ಮುಂದ. ಎರಡು ನಿಮಿಷದ ಕೆಲಸ.”

“ಮಾಡವಾ, ಮಾಡು,” ಎಂದ ಢೋಲಕ್ಕಿನವನು ಮೆಲ್ಲಗೆ. “ಇಷ್ಟು ಸೀದಾ ಅವರು ಯಾರಿಗೂ ಹೇಳಿಲ್ಲ.”

ಕಡ್ಡಿ ಕಾಯುತ್ತ ಬಂತು. ರಾಳದ ವಾಸನೆ ಏಳತೊಡಗಿತು. ನಾನು ಆ ಸ್ಟೇಜುಗಳನ್ನು ಬಲ್ಲೆ. ಬಣ್ಣದ ದೀಪ, ಮುಂದೆ ಸಾವಿರ ತಲೆ, ಶಿಳ್ಳೆ. ಅಲ್ಲಿ ನಿಲ್ಲುವುದು ಏನೆಂದು ಅವಳಿಗಿಂತ ನನಗೆ ಚೆನ್ನಾಗಿ ಗೊತ್ತು. ಅವಳು ಎರಡು ತುದಿ ಬದಲಿಸಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಮತ್ತೆ ಬೇರೆಯವರ ದನಿಯಲ್ಲಿ ಹಾಡುತ್ತಿದ್ದೆ, ಚೆನ್ನಾಗಿಯೇ ಹಾಡುತ್ತಿದ್ದೆ. ವಸ್ತುಗಳಾದ ನಮ್ಮ ಪಾಲಿಗೆ ಬೇಕು ಬೇಡ ಎಂಬುದಿಲ್ಲ. ಅದನ್ನು ನಮ್ಮ ಪರವಾಗಿ ಯಾರಾದರೂ ಮನುಷ್ಯರೇ ಹೇಳಬೇಕು.

ಅವಳ ಅಂಗೈ ನನ್ನ ಎದೆಯ ಮೇಲಿತ್ತು. ಎಂಟು ಸಾವಿರ, ಎಂಟು ಸಾವಿರ, ಎಲ್ಲ ಸುತ್ತುಗಳೂ ಆ ಅಂಗೈಯ ಕೆಳಗೆ.

ವಾದಿರಾಜ ಮಾಸ್ತರರು ಕಾದ ಕಡ್ಡಿಯನ್ನು ಎತ್ತಿ, ಹಿಡಿಕೆಯನ್ನು ಅವಳ ಕಡೆ ತಿರುಗಿಸಿ ಚಾಚಿದರು.

“ಮಾಡಂಗಿಲ್ರಿ,” ಎಂದಳು ಕಸ್ತೂರಿ.